ಕ್ರೂಸ್ ಹಡಗಿನಲ್ಲಿ ಸೂಟು ಇಲ್ಲದಿದ್ದರೆ ಊಟ ಇಲ್ಲವೇ? ಸಡಿಲವಾದ ನಿಯಮಗಳು, ಬಿಗಿಯಾದ ನಿಯಮಗಳು

ಮನೆಯವರು ಯಾರಾದರೂ ಕ್ರೂಸ್ ಪ್ರವಾಸಕ್ಕೆ ಹೊರಟರೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಲಹೆಗಳಿಗೆ ಬರವಿಲ್ಲ. ಕೋಟು, ಟೈ ಇಲ್ಲದವರನ್ನು ಊಟದ ಹಾಲ್ ಬಾಗಿಲಲ್ಲೇ ತಡೆಯುತ್ತಾರಂತೆ. ಸೀರೆ ಉಟ್ಟರೆ ಒಳಗೆ ಬಿಡುವುದಿಲ್ಲವಂತೆ. ಮಿಲಿಟರಿ ಡಿಸೈನಿನ ಪ್ಯಾಂಟು ಹಾಕಿದರೆ ಪೊಲೀಸರು ಹಿಡಿಯುತ್ತಾರಂತೆ. ಜೇಬಿನಲ್ಲಿ ಸ್ಯಾನಿಟೈಸರ್ ಇದ್ದರೆ ಯಾವ ಕಾಯಿಲೆಯೂ ಹತ್ತಿರ ಸುಳಿಯುವುದಿಲ್ಲವಂತೆ.

ಈ ನಾಲ್ಕರಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ಸುಳ್ಳು, ಮೂರನೆಯದು ಕೆಲವು ದೇಶಗಳಲ್ಲಿ ನಿಜ. ನಾಲ್ಕನೆಯದು ನಂಬಿದವರಿಗೂ ಅವರ ಪಕ್ಕದಲ್ಲಿರುವವರಿಗೂ ಅಪಾಯಕಾರಿ.

ಕಳೆದ ಕೆಲವು ದಶಕಗಳಲ್ಲಿ ಕ್ರೂಸ್ ಹಡಗುಗಳಲ್ಲಿ ಬಟ್ಟೆಯ ನಿಯಮ ಸಡಿಲವಾಗುತ್ತಾ ಬಂದಿದೆ. ಅದೇ ಹೊತ್ತಿಗೆ ಸುರಕ್ಷತೆ ಮತ್ತು ಆರೋಗ್ಯದ ನಿಯಮಗಳು ಬಿಗಿಯಾಗಿವೆ. ನಮ್ಮ ಫಾರ್ವರ್ಡ್‌ಗಳು ಮಾತ್ರ ಇನ್ನೂ ಸೂಟಿನ ಬಗ್ಗೆಯೇ ಹೆದರಿಸುತ್ತಿವೆ. ನಿಜವಾಗಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಒಂದೊಂದಾಗಿ ನೋಡೋಣ.

ಸೂಟಿನ ನಿಯಮ ಬಂದದ್ದು ಎಲ್ಲಿಂದ?

ಇದರ ಮೂಲ ನೂರು ವರ್ಷಗಳ ಹಿಂದಿನ ಲೈನರ್ ಹಡಗುಗಳಲ್ಲಿದೆ. ಅವು ಮೋಜಿನ ಹಡಗುಗಳಲ್ಲ. ಯುರೋಪಿನಿಂದ ಅಮೆರಿಕಕ್ಕೆ, ಇಂಗ್ಲೆಂಡಿನಿಂದ ಭಾರತಕ್ಕೆ ಜನರನ್ನು ಸಾಗಿಸುತ್ತಿದ್ದ ಸಾರಿಗೆ. 1912ರಲ್ಲಿ ಮುಳುಗಿದ ಟೈಟಾನಿಕ್ ಇಂಥದ್ದೇ ಹಡಗು. ಅದರಲ್ಲಿ ಮೂರು ದರ್ಜೆಗಳಿದ್ದವು. ಪ್ರತಿ ದರ್ಜೆಗೂ ಬೇರೆ ಊಟದ ಹಾಲ್, ಬೇರೆ ಡೆಕ್. ಮೊದಲ ದರ್ಜೆಯವರು ರಾತ್ರಿ ಊಟಕ್ಕೆ ಔಪಚಾರಿಕ ಉಡುಪಿನಲ್ಲಿ ಬರುವುದು ವಾಡಿಕೆಯಾಗಿತ್ತು. ನೀವು ಯಾವ ದರ್ಜೆಯವರು ಎಂಬುದನ್ನು ಬಟ್ಟೆಯೇ ಹೇಳುತ್ತಿತ್ತು.

ಆದರೂ ಆ ಕಾಲದಲ್ಲೂ ಪ್ರಯಾಣದ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಔಪಚಾರಿಕ ಉಡುಪು ಬೇಕಿರಲಿಲ್ಲ. ಮೊದಲ ದಿನ ಟ್ರಂಕುಗಳನ್ನು ಬಿಚ್ಚಿರುವುದಿಲ್ಲ, ಕೊನೆಯ ದಿನ ಮತ್ತೆ ಕಟ್ಟಿಟ್ಟಿರುತ್ತಾರೆ ಎಂಬುದೇ ಕಾರಣ. ಅಂದರೆ ಆಗಿನ ಕಟ್ಟುನಿಟ್ಟಿನ ನಿಯಮವೂ ಲಗೇಜಿನ ಕಷ್ಟಕ್ಕೆ ಬಾಗುತ್ತಿತ್ತು.

ಇದೇ ಕಾಲದ ಬಗ್ಗೆ ಇನ್ನೊಂದು ಜನಪ್ರಿಯ ಕಥೆಯಿದೆ. ಇಂಗ್ಲಿಷಿನ ‘ಪಾಶ್’ ಎಂಬ ಪದ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳಿಂದ ಬಂತಂತೆ. ಭಾರತಕ್ಕೆ ಬರುವಾಗ ಎಡಬದಿಯ, ಮರಳುವಾಗ ಬಲಬದಿಯ ಕ್ಯಾಬಿನ್‌ನಲ್ಲಿ ಬಿಸಿಲು ಕಡಿಮೆ, ಹಾಗಾಗಿ ಶ್ರೀಮಂತರ ಟಿಕೆಟ್ ಮೇಲೆ ಈ ಅಕ್ಷರಗಳನ್ನು ಒತ್ತುತ್ತಿದ್ದರಂತೆ. ಕಥೆ ಚೆನ್ನಾಗಿದೆ, ಆದರೆ ಅಂಥ ಮುದ್ರೆಯಿರುವ ಒಂದೇ ಒಂದು ಟಿಕೆಟ್ ಸಿಕ್ಕಿಲ್ಲ. ನಿಘಂಟುಕಾರರು ಈ ವಿವರಣೆಯನ್ನು ಒಪ್ಪುವುದಿಲ್ಲ.

ಹಾಗಾದರೆ ಸಡಿಲವಾದದ್ದು ಯಾಕೆ?

ಮೊದಲ ಕಾರಣ ವಿಮಾನ. 1958ರಲ್ಲಿ ಅಟ್ಲಾಂಟಿಕ್ ಸಾಗರ ದಾಟುವ ಜೆಟ್ ವಿಮಾನ ಸೇವೆ ಶುರುವಾಯಿತು. ಐದಾರು ದಿನದ ಸಮುದ್ರಯಾನದ ಜಾಗದಲ್ಲಿ ಕೆಲವು ಗಂಟೆಗಳ ಹಾರಾಟ ಬಂತು. ಸಾಗಾಟದ ಕೆಲಸ ಕೈತಪ್ಪಿದ ಮೇಲೆ ಹಡಗು ಕಂಪನಿಗಳು ರಜೆ ಕಳೆಯುವ ಪ್ರವಾಸವನ್ನು ಮಾರತೊಡಗಿದವು. ದರ್ಜೆಗಳ ಗೋಡೆ ಕರಗಿತು. 1977ರಲ್ಲಿ ಆರಂಭವಾದ ‘ದಿ ಲವ್ ಬೋಟ್’ ಎಂಬ ಅಮೆರಿಕನ್ ಟಿವಿ ಧಾರಾವಾಹಿ ಕ್ರೂಸನ್ನು ಮಧ್ಯಮ ವರ್ಗದ ಮನೆಗಳಿಗೆ ಪರಿಚಯಿಸಿತು.

ಎರಡನೆಯ ಕಾರಣ ಲಗೇಜು. ಇವತ್ತು ಬಹಳಷ್ಟು ಪ್ರಯಾಣಿಕರು ವಿಮಾನದಲ್ಲಿ ಬಂದು ಹಡಗು ಹತ್ತುತ್ತಾರೆ. ತೂಕದ ಮಿತಿಯೊಳಗೆ ಸೂಟು, ಬೂಟು, ಗೌನು ತುರುಕುವುದು ಕಷ್ಟ.

ಮೂರನೆಯದು ಸಂಖ್ಯೆ. 2023ರಲ್ಲಿ ಜಗತ್ತಿನಾದ್ಯಂತ ಸುಮಾರು 3.17 ಕೋಟಿ ಜನ ಕ್ರೂಸ್ ಪ್ರಯಾಣ ಮಾಡಿದ್ದಾರೆ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದ ಸೀಸ್’ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರಿಗೆ ಜಾಗವಿದೆ. ಮಕ್ಕಳು, ಅಜ್ಜ–ಅಜ್ಜಿ ಸಮೇತ ಬರುವ ಇಷ್ಟು ಜನರನ್ನು ಒಂದೇ ಉಡುಪಿನ ಅಚ್ಚಿಗೆ ಸುರಿಯುವುದು ಆಗದ ಮಾತು.

2000ರಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಎಂಬ ಪದ್ಧತಿ ತಂದಿತು. ನಿಗದಿತ ಹೊತ್ತಿಗೆ, ನಿಗದಿತ ಮೇಜಿನಲ್ಲೇ ಊಟ ಮಾಡಬೇಕೆಂಬ ಕಟ್ಟುಪಾಡನ್ನೂ ಔಪಚಾರಿಕ ಉಡುಪಿನ ಒತ್ತಾಯವನ್ನೂ ಅದು ಕೈಬಿಟ್ಟಿತು. 2015ರಲ್ಲಿ ಸೆಲೆಬ್ರಿಟಿ ಕ್ರೂಸಸ್ ತನ್ನ ಔಪಚಾರಿಕ ರಾತ್ರಿಗಳನ್ನು ‘ಈವ್ನಿಂಗ್ ಶಿಕ್’ ಎಂದು ಬದಲಿಸಿತು. ಚೆನ್ನಾಗಿ ಕಾಣುವ ಬಟ್ಟೆ ಸಾಕು, ಟಕ್ಸೀಡೊ ಬೇಕಿಲ್ಲ ಎಂಬುದು ಅದರ ಸಾರ. 2021ರಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳತೊಡಗಿದ ವರ್ಜಿನ್ ವಾಯೇಜಸ್ ಔಪಚಾರಿಕ ರಾತ್ರಿಗಳೇ ಇಲ್ಲದ ಕಂಪನಿ.

ಮತ್ತೆ ‘ಅರ್ಧ ನಿಜ’ ಎಂದದ್ದು?

ಹಳೆಯ ಸಂಪ್ರದಾಯವನ್ನು ಉಳಿಸಿಕೊಂಡವರೂ ಇದ್ದಾರೆ. ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2ರಂಥ ಹಡಗುಗಳಲ್ಲಿ ‘ಗಾಲಾ’ ಸಂಜೆಗಳಿರುತ್ತವೆ. ಆ ಸಂಜೆ ಮುಖ್ಯ ಊಟದ ಹಾಲ್‌ಗೆ ಹೋಗುವ ಗಂಡಸರು ಡಿನ್ನರ್ ಜಾಕೆಟ್ ಅಥವಾ ಗಾಢ ಬಣ್ಣದ ಸೂಟು ಹಾಕಬೇಕು. ಹಾಕದವರು ಉಪವಾಸ ಮಲಗಬೇಕಿಲ್ಲ. ಬಫೆ ಮತ್ತು ಇನ್ನು ಕೆಲವು ಜಾಗಗಳು ಅವರಿಗೆ ತೆರೆದಿರುತ್ತವೆ. ಸೂಟು ಇಲ್ಲದವರಿಗೆ ಒಂದು ಹಾಲ್ ಮುಚ್ಚಿರಬಹುದು, ಊಟ ತಪ್ಪುವುದಿಲ್ಲ.

ಸೀರೆಯ ವಿಷಯವಂತೂ ಪೂರ್ತಿ ತಲೆಕೆಳಗು. ಕ್ಯುನಾರ್ಡ್‌ನ ಗಾಲಾ ಸಂಜೆಗೂ ಔಪಚಾರಿಕ ರಾಷ್ಟ್ರೀಯ ಉಡುಪನ್ನು ಒಪ್ಪುತ್ತಾರೆ. ರೇಷ್ಮೆ ಸೀರೆ ಮತ್ತು ಬಂದ್‌ಗಲಾ ಇದಕ್ಕೆ ಹೇಳಿ ಮಾಡಿಸಿದಂತಿವೆ. ಅಮೆರಿಕದಲ್ಲಿರುವ ಮಕ್ಕಳು ಕ್ರೂಸ್‌ಗೆ ಕರೆದರೂ ಸೂಟು ಇಲ್ಲ ಎಂಬ ಸಂಕೋಚಕ್ಕೆ ಹಿಂಜರಿಯುವ ಅಪ್ಪ, ಸೀರೆ ಬಿಟ್ಟು ಬೇರೇನೂ ತೊಡದ ಅಮ್ಮ ಇದ್ದರೆ ಅವರಿಗೆ ಇಷ್ಟು ಹೇಳಿ: ಬೀರುವಿನಲ್ಲಿರುವ ಮದುವೆ ಮನೆಯ ಸೀರೆಯೇ ಸಾಕು, ಬಾಡಿಗೆ ಸೂಟಿಗೆ ದುಡ್ಡು ಸುರಿಯುವ ಮುಂಚೆ ಹಡಗಿನ ಕಂಪನಿಯ ನಿಯಮ ಓದಿ.

ಹೆಚ್ಚಿನ ಹಡಗುಗಳಲ್ಲಿ ಇಂದಿಗೂ ಉಳಿದಿರುವ ಕನಿಷ್ಠ ನಿಯಮ ಸರಳ. ಈಜುಡುಗೆ, ಸ್ನಾನದ ಗೌನು, ಬರಿಗಾಲಿನಲ್ಲಿ ಮುಖ್ಯ ಊಟದ ಹಾಲ್‌ಗೆ ಬರಬಾರದು.

ಮಿಲಿಟರಿ ಡಿಸೈನಿನ ಬಟ್ಟೆ: ಇದು ತಮಾಷೆಯಲ್ಲ

ಕೆರಿಬಿಯನ್ ಸಮುದ್ರದ ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾ, ಟ್ರಿನಿಡಾಡ್ ಮತ್ತು ಟೊಬ್ಯಾಗೊ ಮುಂತಾದ ದೇಶಗಳಲ್ಲಿ ಜನಸಾಮಾನ್ಯರು ಕ್ಯಾಮೊಫ್ಲಾಜ್ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ. ಅದು ಸೈನ್ಯ ಮತ್ತು ಭದ್ರತಾ ಪಡೆಗಳ ಉಡುಪು ಎಂಬುದು ಕಾರಣ. ಬಾರ್ಬಡೋಸ್‌ನಲ್ಲಿ ಮಕ್ಕಳಿಗೂ ವಿನಾಯಿತಿ ಇಲ್ಲ. ಇದು ಹಡಗಿನವರ ಶಿಷ್ಟಾಚಾರವಲ್ಲ, ಬಂದರಿನಾಚೆಯ ದೇಶದ ಕಾನೂನು. ಹಾಗಾಗಿ ‘ಹಡಗಿನಲ್ಲಿ ಯಾರೂ ಏನೂ ಅನ್ನಲಿಲ್ಲ’ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಬೇರೆ ಕಡೆಯೂ ದಡದ ನಿಯಮಗಳು ಬೇರೆ. ಬಾರ್ಸಿಲೋನಾದಲ್ಲಿ ಕಡಲತೀರ ಬಿಟ್ಟು ನಗರದ ಬೀದಿಗಳಲ್ಲಿ ಈಜುಡುಗೆಯಲ್ಲಿ ಓಡಾಡಿದರೆ ದಂಡ ಬೀಳುತ್ತದೆ. ರೋಮ್‌ಗೆ ಹೋದವರು ಸೇಂಟ್ ಪೀಟರ್ ಚರ್ಚಿನ ಒಳಗೆ ಕಾಲಿಡಬೇಕಾದರೆ ಭುಜ, ಮಂಡಿ ಮುಚ್ಚಿರಬೇಕು. ನಮ್ಮಲ್ಲೂ ಹೀಗೆಯೇ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಕ್ರೂಸ್ ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಲು ಹೋಗುತ್ತಾರೆ. ಅಲ್ಲಿ ಚಪ್ಪಲಿ ಕಳಚಿ, ಮೈಮುಚ್ಚಿ ಬರಲಿ ಎಂದು ನಾವು ಬಯಸುವುದನ್ನೇ ಬೇರೆ ಊರಿನವರು ನಮ್ಮಿಂದ ಬಯಸುತ್ತಾರೆ.

ಇಸ್ತ್ರಿ ಪೆಟ್ಟಿಗೆ, ಊದುಬತ್ತಿ, ಕೆಟಲ್ ಬೇಡ

ಬಟ್ಟೆ ಸುಕ್ಕಾಗುತ್ತದೆಂದು ಇಸ್ತ್ರಿ ಪೆಟ್ಟಿಗೆ, ಬೆಳಗಿನ ಪೂಜೆಗೆಂದು ಊದುಬತ್ತಿ, ರೆಡಿಮಿಕ್ಸ್ ಉಪ್ಪಿಟ್ಟಿಗೆಂದು ಕೆಟಲ್. ನಮ್ಮವರ ಬ್ಯಾಗಿನಲ್ಲಿ ಸಹಜವಾಗಿ ಇರುವ ಈ ವಸ್ತುಗಳನ್ನು ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ. ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಡುತ್ತಾರೆ.

ನಡುಸಮುದ್ರದಲ್ಲಿ ಬೆಂಕಿ ಹತ್ತಿದರೆ ಅಗ್ನಿಶಾಮಕ ವಾಹನ ಬರುವುದಿಲ್ಲ ಎಂಬುದೇ ಇದಕ್ಕೆ ಕಾರಣ. 2006ರ ಮಾರ್ಚ್ 23ರಂದು ಜಮೈಕಾ ಕಡೆಗೆ ಹೊರಟಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ಬೆಂಕಿ ಹತ್ತಿ ಹಲವು ಕ್ಯಾಬಿನ್‌ಗಳಿಗೆ ಹರಡಿತು. ಒಬ್ಬ ಪ್ರಯಾಣಿಕ ಸತ್ತರು. ಯಾರೋ ಎಸೆದ ಸಿಗರೇಟಿನ ತುಂಡು ಕಾರಣವಿರಬೇಕು ಎಂದು ತನಿಖೆ ಹೇಳಿತು. ಒಂದು ಕಾಲದಲ್ಲಿ ಶೋಕಿಯ ಗುರುತಾಗಿದ್ದ ಸಿಗರೇಟು ಇಂದು ಬಹುತೇಕ ಹಡಗುಗಳಲ್ಲಿ ಗೊತ್ತುಪಡಿಸಿದ ಮೂಲೆಗೆ ಸೀಮಿತ.

ಸ್ಯಾನಿಟೈಸರ್ ಇದ್ದರೆ ಸಾಕೇ?

ಸಾಲದು. ಹಡಗಿನಲ್ಲಿ ವಾಂತಿ–ಭೇದಿ ಹರಡುವ ಮುಖ್ಯ ಕಾರಣಗಳಲ್ಲಿ ಒಂದು ನೊರೊವೈರಸ್. ಆಲ್ಕೊಹಾಲ್ ಸ್ಯಾನಿಟೈಸರ್ ಈ ವೈರಸ್ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ, ಕನಿಷ್ಠ 20 ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದೇ ಸರಿಯಾದ ದಾರಿ. ಅನೇಕ ಹಡಗುಗಳಲ್ಲಿ ಬಫೆಯ ಬಾಗಿಲಲ್ಲೇ ಕೈತೊಳೆಯುವ ಬೇಸಿನ್ ಇಟ್ಟಿರುವುದು ಇದಕ್ಕೇ.

2014ರ ಜನವರಿಯಲ್ಲಿ ‘ಎಕ್ಸ್‌ಪ್ಲೋರರ್ ಆಫ್ ದ ಸೀಸ್’ ಹಡಗಿನ ಒಂದೇ ಪ್ರಯಾಣದಲ್ಲಿ 600ಕ್ಕೂ ಹೆಚ್ಚು ಪ್ರಯಾಣಿಕರು ಹೀಗೆ ಕಾಯಿಲೆ ಬಿದ್ದರು. ಹಾಗೆಂದು ‘ಕ್ರೂಸ್ ಎಂದರೇ ರೋಗದ ಗೂಡು’ ಎಂಬ ಇನ್ನೊಂದು ಫಾರ್ವರ್ಡ್ ಕೂಡ ಸರಿಯಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಾರ, ಅಲ್ಲಿ ವರದಿಯಾಗುವ ನೊರೊವೈರಸ್ ಹಾವಳಿಗಳಲ್ಲಿ ಹಡಗುಗಳ ಪಾಲು ಸುಮಾರು ಶೇಕಡ 1 ಮಾತ್ರ. ಸಿಡಿಸಿ ನಿಗಾದಲ್ಲಿರುವ ಹಡಗುಗಳಲ್ಲಿ ಶೇಕಡ 3ರಷ್ಟು ಪ್ರಯಾಣಿಕರಿಗೆ ಅಥವಾ ಸಿಬ್ಬಂದಿಗೆ ಹೊಟ್ಟೆ ಕೆಟ್ಟರೆ ಅದನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ಅದಕ್ಕೇ ಹಡಗಿನ ಸುದ್ದಿ ಬೇಗ ಕಣ್ಣಿಗೆ ಬೀಳುತ್ತದೆ.

ಇಲ್ಲಿ ನಿಜವಾದ ಶಿಷ್ಟಾಚಾರ ಒಂದೇ. ಹೊಟ್ಟೆ ಕೆಟ್ಟರೆ ಮುಚ್ಚಿಡಬೇಡಿ, ಹಡಗಿನ ವೈದ್ಯರಿಗೆ ಹೇಳಿ. ಕ್ಯಾಬಿನ್‌ನಲ್ಲೇ ಇರಿಸುತ್ತಾರೆ, ದುಡ್ಡು ಕೊಟ್ಟ ಪ್ರವಾಸ ಹಾಳಾಗುತ್ತದೆ ಎಂದು ಬಚ್ಚಿಟ್ಟವರು ಬಫೆಯ ಸೌಟನ್ನು ಮುಟ್ಟಿ ಹೋದರೆ, ಅದೇ ಸೌಟು ಹಿಡಿಯುವ ವಯಸ್ಸಾದವರಿಗೂ ಪುಟ್ಟ ಮಕ್ಕಳಿಗೂ ಅದು ದೊಡ್ಡ ತೊಂದರೆ.

ತಪ್ಪಿಸಲೇಬಾರದ ಒಂದು ಡ್ರಿಲ್

ಹಡಗು ಹತ್ತಿದ ದಿನ ‘ಮಸ್ಟರ್ ಡ್ರಿಲ್’ ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಎಂದು ತಿಳಿಸುವ ತಾಲೀಮು ಇದು. ಹಿಂದೆ ಪ್ರಯಾಣಿಕರು ಹತ್ತಿ 24 ಗಂಟೆಯೊಳಗೆ ಇದನ್ನು ಮಾಡಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯ.

‘ಬೇಜಾರು, ಹೋಗದಿದ್ದರೂ ನಡೆಯುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಡ್ರಿಲ್‌ಗೆ ಬರಲು ಒಪ್ಪದವರನ್ನು ಹಡಗಿನಿಂದ ಇಳಿಸುವ ಅಧಿಕಾರ ಸಿಬ್ಬಂದಿಗಿದೆ.

ಕುರ್ಚಿ ಮತ್ತು ಟಿಪ್ಸ್

ಬಸ್ಸಿನ ಸೀಟಿಗೆ ಕರ್ಚೀಫು ಹಾಕುವ ಅಭ್ಯಾಸ ಹಡಗಿನಲ್ಲೂ ಇದೆ. ಅಲ್ಲಿ ಈಜುಕೊಳದ ಪಕ್ಕದ ಕುರ್ಚಿಗೆ ಬೆಳಗ್ಗೆಯೇ ಟವೆಲ್ ಹಾಕಿ ತಿಂಡಿಗೆ ಹೋಗುತ್ತಾರೆ. ಕಾರ್ನಿವಲ್ ಕಂಪನಿಯಲ್ಲಿ ಖಾಲಿ ಕುರ್ಚಿಗೆ ಸಮಯ ಬರೆದ ಚೀಟಿ ಅಂಟಿಸಿ, 40 ನಿಮಿಷದಲ್ಲಿ ಯಾರೂ ಬರದಿದ್ದರೆ ಟವೆಲ್ ತೆಗೆಯುವ ಪದ್ಧತಿ ಬಂತು.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಟಿಪ್ಸ್ ಸಾಮಾನ್ಯವಾಗಿ ಬಿಲ್ಲಿಗೆ ತಾನಾಗಿ ಸೇರುತ್ತದೆ. ಸಾಮಾನ್ಯ ಕ್ಯಾಬಿನ್‌ಗೆ ತಲಾ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಮೊದಲೇ ತಿಳಿದಿದ್ದರೆ ಕೊನೆಯ ದಿನ ಬಿಲ್ಲು ನೋಡಿ ಜಗಳವಾಗುವುದಿಲ್ಲ. ಈ ಹಣ ಕ್ಯಾಬಿನ್ ಶುಚಿ ಮಾಡುವವರಿಗೆ, ಊಟ ಬಡಿಸುವವರಿಗೆ ಹೋಗುತ್ತದೆ. ಅವರಲ್ಲಿ ನಮ್ಮ ಕರಾವಳಿ ಮತ್ತು ಗೋವಾದ ಹುಡುಗರೂ ಇರುತ್ತಾರೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಉಡುಪಿನ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ. ಟಿಕೆಟ್ ಜೊತೆ ಬರುವ ಮಾಹಿತಿಯನ್ನೇ ನಂಬಿ.
• ಸೀರೆ, ಬಂದ್‌ಗಲಾ ಧೈರ್ಯವಾಗಿ ಇಟ್ಟುಕೊಳ್ಳಿ.
• ಕ್ಯಾಮೊಫ್ಲಾಜ್ ಬಟ್ಟೆ, ಇಸ್ತ್ರಿ ಪೆಟ್ಟಿಗೆ, ಊದುಬತ್ತಿ, ಕೆಟಲ್ ಮನೆಯಲ್ಲೇ ಬಿಡಿ.
• ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ.
• ಮೊದಲ ದಿನದ ಡ್ರಿಲ್ ತಪ್ಪಿಸಬೇಡಿ.

ಟೈ ಗಂಟು ಸರಿಯಾಗಿ ಬೀಳದಿದ್ದರೆ ಹಡಗಿನಲ್ಲಿ ಯಾರಿಗೂ ತೊಂದರೆಯಿಲ್ಲ. ಕೈ ತೊಳೆಯದಿದ್ದರೆ ಪಕ್ಕದ ಮೇಜಿನವರಿಗೂ ತೊಂದರೆ.