ಕಥೆಪುಸ್ತಕ ಸಾಲಿಗೆ ಬಂದ ದಾರಿ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಸರ್ಕಾರಿ ಕನ್ನಡ ಶಾಲೆಗಳ ನಲಿ-ಕಲಿ ಕೋಣೆ ಸಾಮಾನ್ಯವಾಗಿ ಹೀಗಿರುತ್ತದೆ: ಮೇಲೆ ಮಕ್ಕಳ ಚಿತ್ರ, ಬರಹ ತೂಗುಹಾಕಿದ ಚಪ್ಪರ, ಗೋಡೆಗೆ ಕಲಿಕಾ ಏಣಿ, ನೆಲದ ಮೇಲೆ ತಟ್ಟೆವಾರು, ಅಂದರೆ ಗುಂಪುಗುಂಪಾಗಿ ಕೂತ ಮಕ್ಕಳು. ಅನುಕೂಲವಿದ್ದ ಕಡೆ ಒಂದು ಮೂಲೆಯಲ್ಲಿ ಹಗ್ಗಕ್ಕೆ ಸಿಕ್ಕಿಸಿದ ತೆಳ್ಳಗಿನ ಬಣ್ಣದ ಕಥೆಪುಸ್ತಕಗಳೂ ಕಾಣುತ್ತವೆ. ಒಂದನೇ ಇಯತ್ತೆ ಮಗುವಿನ ಕೈಗೆಟಕುವಷ್ಟು ಕೆಳಗೆ ಆ ಪುಸ್ತಕಗಳು ಇಳಿದು ಬರಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಇಳಿದು ಬಂದ ಮೇಲೂ ಅವನ್ನು ಪಾಠ ಮುಗಿಸಿದ ಮಗುವಿಗೆ ಕೊಡುವ ಬಹುಮಾನದಂತೆಯೇ ಬಳಸುವ ರೂಢಿ ಹೋಗಿಲ್ಲ. ಮೊದಲು ಮೂಲಾಕ್ಷರ, ಆಮೇಲೆ ಬಳ್ಳಿ (ಕಾಗುಣಿತಕ್ಕೆ ಈ ಸೀಮೆಯ ಹೆಸರು), ಆಮೇಲೆ ಒತ್ತಕ್ಷರ, ಇದೆಲ್ಲ ತಿದ್ದಿ ತೀಡಿ ಆದ ಮೇಲೆ ಕಥೆ. ಈ ಸರದಿ ಮಗುವಿನ ಕಲಿಕೆಯ ಸ್ವಭಾವದಿಂದ ಹುಟ್ಟಿದ್ದಲ್ಲ, ಪುಸ್ತಕದ ಬಡತನ ಮತ್ತು ತಪಾಸಣೆಯ ಭಯದಿಂದ ಹುಟ್ಟಿದ್ದು ಎಂಬುದು ನನ್ನ ವಾದ. ಕಾರಣ ಹೋದ ಮೇಲೂ ಸರದಿ ಉಳಿದುಕೊಂಡಿದೆ.

ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಇಲ್ಲಿ ಓದು ಬರಹ ಕಲಿಸುತ್ತಿದ್ದುದು ಗಾಂವಠಿ ಶಾಲೆಗಳು, ಅಯ್ಯಗಳ ಮಠಗಳು. ನೆಲದ ಮೇಲೆ ಧೂಳು ಇಲ್ಲವೆ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುವುದು, ಮಗ್ಗಿ ಬಾಯಿಪಾಠ, ಮುಂದುವರಿದವನಿಗೆ ಜೈಮಿನಿ ಭಾರತದಂಥ ಕಾವ್ಯದ ಓದು. ಅಚ್ಚಾದ ಪುಸ್ತಕವೇ ಇಲ್ಲದಾಗ ಬೇರೆ ದಾರಿಯೂ ಇರಲಿಲ್ಲ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಆಧಿಪತ್ಯದಲ್ಲಿತ್ತು, ಸರ್ಕಾರಿ ಶಾಲೆಗಳ ಭಾಷೆ ಮರಾಠಿಯಾಗಿತ್ತು. ಧಾರವಾಡದಲ್ಲಿ 1834ರಲ್ಲಿ ಹುಟ್ಟಿದ ಡೆಪ್ಯುಟಿ ಚನ್ನಬಸಪ್ಪನವರು 1860ರ ದಶಕದಲ್ಲಿ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ, ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಮಾಡಿದ ದೊಡ್ಡ ಕೆಲಸವೆಂದರೆ ಕನ್ನಡ ಮಕ್ಕಳಿಗೆ ಕನ್ನಡ ಶಾಲೆ, ಕನ್ನಡ ಬಲ್ಲ ಮಾಸ್ತರ, ಕನ್ನಡ ಪಠ್ಯ ಒದಗಿಸಿದ್ದು. ಇದೇ ಜಿಲ್ಲೆಯ ಗುರ್ಲಹೊಸೂರಿನ ವೆಂಕಟ ರಂಗೋ ಕಟ್ಟಿಯವರಂಥವರು ಆ ಪಠ್ಯಗಳನ್ನು ಬರೆಯಲು ಕೂತರು. ಚನ್ನಬಸಪ್ಪನವರಿಗೆ ಕಥೆಯ ರುಚಿ ಇರಲಿಲ್ಲವೆಂದಲ್ಲ; ಶೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು 1871ರಲ್ಲಿ ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದವರು ಅವರೇ. ಆದರೆ ಮನೆಗೆ ಬುನಾದಿ ಹಾಕುವವನಿಗೆ ಜೋಕಾಲಿ ಕಟ್ಟುವ ಪುರಸತ್ತು ಎಲ್ಲಿಂದ ಬರಬೇಕು?

ಆ ಬುನಾದಿಯ ಮೇಲೆ ಎದ್ದದ್ದು ಒಂದೇ ಪುಸ್ತಕದ ಶಾಲೆ. ವರ್ಷಕ್ಕೊಂದು ವಾಚನ ಪುಸ್ತಕ, ಅದರ ಕೊನೆಗೆ ಇನ್ಸ್‌ಪೆಕ್ಟರರ ತಪಾಸಣೆ, ಏಳು ವರ್ಷದ ತುದಿಗೆ ಮುಲ್ಕಿ ಪರೀಕ್ಷೆ. ಸಾಹೇಬರು ಬಂದು ಯಾವುದೋ ಪುಟ ತೆರೆದು ಓದು ಎಂದಾಗ ಮಗು ತಡವರಿಸದೆ ಓದಿದರೆ ಮಾಸ್ತರ ಗೆದ್ದಂತೆ. ಆ ಪುಟವನ್ನು ಮಗು ಓದುತ್ತಿದೆಯೋ ನೆನಪಿನಿಂದ ಒಪ್ಪಿಸುತ್ತಿದೆಯೋ ಎಂದು ಬಿಡಿಸಿ ನೋಡಲು ಬೇರೊಂದು ಪುಸ್ತಕವೇ ಶಾಲೆಯಲ್ಲಿ ಇರುತ್ತಿರಲಿಲ್ಲ. ವಾಚನ ಪುಸ್ತಕದಲ್ಲಿ ಕಥೆಗಳು ಇರುತ್ತಿದ್ದವು, ನಿಜ. ನರಿ, ಕಾಗೆ, ಸುಳ್ಳು ಹೇಳಿ ಕೆಟ್ಟ ಹುಡುಗ. ಆದರೆ ಅವು ನೀತಿಯನ್ನು ಹೊತ್ತು ತರುವ ಕೂಲಿಯವು. ಮುಂದೇನಾಯಿತು ಎಂಬ ಕುತೂಹಲಕ್ಕಿಂತ ಇದರಿಂದ ತಿಳಿಯುವುದೇನು ಎಂಬ ಪ್ರಶ್ನೆಯೇ ಅಲ್ಲಿ ದೊಡ್ಡದು. ಇಂದಿನ ಪಾಠದ ಕೊನೆಯ ಅಭ್ಯಾಸದಲ್ಲೂ ಆ ಪ್ರಶ್ನೆ ಗಟ್ಟಿಯಾಗಿ ಕೂತಿದೆ.

ಮಕ್ಕಳಿಗಾಗಿ ಸಾಹಿತ್ಯ ಅಷ್ಟರಲ್ಲಿ ಬೇರೆಡೆ ಹುಟ್ಟುತ್ತಿತ್ತು. ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು ಸ್ವತಃ ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಮಗುವಿನ ಕಿವಿಗೆ ಹಿತವಾಗುವ ಪದ್ಯ, ಕಥೆ ಬರೆದರು, ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಕುವೆಂಪು ಕಿಂದರಿಜೋಗಿಯನ್ನು ಕರೆತಂದರು, ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ ಕೊಟ್ಟರು, ರಾಜರತ್ನಂ ಪುಟ್ಟ ಮಕ್ಕಳಿಗೆ ಹಾಡು ಕಟ್ಟಿದರು, 1949ರಲ್ಲಿ ‘ಚಂದಮಾಮ’ ಕನ್ನಡ ಮಾತಾಡಿತು. ಉತ್ತರದಲ್ಲಿ ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ ಮೊದಲಾದವರಿಂದ ವಿಜಯಪುರ ಮಕ್ಕಳ ಸಾಹಿತ್ಯದ ಊರೆನಿಸಿತು. ಇವೆಲ್ಲ ಕೊಂಡು ಓದುವ ಮನೆಗಳನ್ನು ತಲುಪಿದವು. ಇಲ್ಲಿನ ಒಕ್ಕಲು ಮನೆಗಳಿಗೆ, ಗೋಕಾಕ ಮಿಲ್ಲಿನ ಕಾರ್ಮಿಕರ ಮನೆಗಳಿಗೆ ಬಂದದ್ದು ಅಪರೂಪ. ಅಷ್ಟು ಮಾತ್ರಕ್ಕೆ ಆ ಮನೆಗಳ ಮಕ್ಕಳು ಕಥೆಯ ಬಡವರೆಂದು ತಿಳಿಯಬಾರದು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟ ಬೆಳೆದದ್ದು ಈ ನೆಲದಲ್ಲಿ, ಕೌಜಲಗಿಯ ನಿಂಗಮ್ಮ ಅದನ್ನು ಆಡಿ ಹೆಸರಾದದ್ದು ಇಲ್ಲೇ. ಬಯಲಾಟ, ಲಾವಣಿ, ಗೀಗೀ ಪದ ಕೇಳುತ್ತ ರಾತ್ರಿಯೆಲ್ಲ ಎಚ್ಚರಿದ್ದ ಮಗು ಮುಂಜಾನೆ ಸಾಲಿಗೆ ಬಂದು ಪಾಟಿಯ ಮೇಲೆ ನೂರು ಸಲ ಒಂದೇ ಅಕ್ಷರ ತಿದ್ದುತ್ತಿತ್ತು. ಆ ಎರಡು ಲೋಕಗಳಿಗೆ ಸಂಬಂಧವಿದೆ ಎಂದು ಅದಕ್ಕೆ ಯಾರೂ ಹೇಳಲಿಲ್ಲ.

ಸಂಬಂಧವಿದೆ ಎಂದು ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಹೇಳಿದರು. 1932ರಲ್ಲಿ ಬಂದ ಅವರ ‘ದಿವಾಸ್ವಪ್ನ’ದ ಮಾಸ್ತರ ತುಂಟ ಮಕ್ಕಳ ತರಗತಿಯನ್ನು ಕಥೆ ಹೇಳಿ ಹಿಡಿದಿಡುತ್ತಾನೆ; ಪಠ್ಯಪುಸ್ತಕದ ದುಡ್ಡಿನಲ್ಲಿ ಕಥೆಪುಸ್ತಕ ಕೊಂಡು ತರಗತಿಗೊಂದು ಗ್ರಂಥಾಲಯ ಮಾಡುತ್ತಾನೆ. ಅದು ಕಾಲ್ಪನಿಕ ಕಥನ, ಸಾಕ್ಷ್ಯವಲ್ಲ ಎನ್ನುವವರಿಗೆ ಫಿಜಿ ದ್ವೀಪದ ಪ್ರಯೋಗವಿದೆ. 1980ರಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಅಲ್ಲಿನ ಎಂಟು ಹಳ್ಳಿ ಶಾಲೆಗಳ ನಾಲ್ಕು, ಐದನೇ ತರಗತಿಗಳಿಗೆ ಸುಮಾರು 250 ಸಚಿತ್ರ ಕಥೆಪುಸ್ತಕ ಸುರಿದರು. ಮಕ್ಕಳ ಮನೆಮಾತು ಬೇರೆ, ಪುಸ್ತಕದ ಭಾಷೆ ಇಂಗ್ಲಿಷ್. ಎಂದಿನ ಪಾಠ ಮುಂದುವರಿಸಿದ ಶಾಲೆಗಳಿಗಿಂತ ಈ ಮಕ್ಕಳ ಓದು ಸುಮಾರು ಎರಡು ಪಟ್ಟು ವೇಗದಲ್ಲಿ ಸುಧಾರಿಸಿತು. ಎರಡನೇ ವರ್ಷ ಲಾಭ ಇತರ ವಿಷಯಗಳಿಗೂ ಹರಡಿತು. ಮರಾಠಿ, ಉರ್ದು ಮನೆಮಾತಿನ ಮಕ್ಕಳೂ ಕನ್ನಡ ಕಲಿಯುವ ಈ ಗಡಿಸೀಮೆಗೆ ಆ ಫಲಿತಾಂಶ ದೂರದ ಸುದ್ದಿಯಲ್ಲ.

ಇಲ್ಲಿ ಅನುಭವಿ ಶಿಕ್ಷಕರ ಆಕ್ಷೇಪವೊಂದು ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕನ್ನಡ ಇಂಗ್ಲಿಷಲ್ಲ, ನಲವತ್ತೊಂಬತ್ತು ಅಕ್ಷರ, ಒಂದೊಂದು ವ್ಯಂಜನಕ್ಕೂ ಬಳ್ಳಿ, ಅದರ ಮೇಲೆ ಒತ್ತು. ನಾಲ್ಕುನೂರಕ್ಕೂ ಮಿಕ್ಕಿದ ರೂಪಗಳನ್ನು ಗುರುತಿಸಲಾರದ ಮಗು ಕಥೆಪುಸ್ತಕ ಹಿಡಿದು ಚಿತ್ರ ನೋಡೀತು, ಓದೀತೇ? ಅಕ್ಷರ ಕಲಿಸದೆ ಕಥೆಯೊಂದನ್ನೇ ನಂಬಿದ ಪಾಶ್ಚಾತ್ಯ ಶಾಲೆಗಳು ಕೈಸುಟ್ಟುಕೊಂಡಿಲ್ಲವೇ? ಸುಟ್ಟುಕೊಂಡಿವೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಧ್ವನಿ ಮತ್ತು ಅಕ್ಷರದ ನಂಟನ್ನು ವ್ಯವಸ್ಥಿತವಾಗಿ ಕಲಿಸಲೇಬೇಕು ಎಂದದ್ದು ಸುಮ್ಮನಲ್ಲ. ಆದರೆ ಅಕ್ಷರಗಳು ಹೆಚ್ಚಿವೆ ಎಂಬ ಸಂಗತಿಯೇ ಕಥೆಯನ್ನು ಕಾಯಿಸಬಾರದು ಎನ್ನಲು ಕಾರಣ. ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಕನ್ನಡ ಮಕ್ಕಳ ಅಧ್ಯಯನದ ಪ್ರಕಾರ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಗೆ ಬಂದರೂ ಮುಗಿದಿರುವುದಿಲ್ಲ. ಅಂದರೆ ಬಳ್ಳಿ ಮುಗಿದ ಮೇಲೆ ಕಥೆ ಎಂದರೆ ಹತ್ತನೇ ವರ್ಷದವರೆಗೆ ಕಥೆ ಇಲ್ಲ ಎಂದರ್ಥ. 2013ರಿಂದ ಮೂರು ವರ್ಷ ಯಾದಗಿರಿಯಲ್ಲಿ, ಮಹಾರಾಷ್ಟ್ರದ ವಾಡಾದಲ್ಲಿ ಮಕ್ಕಳ ಬೆನ್ನುಹತ್ತಿ ನಡೆದ ಶೈಲಜಾ ಮೆನನ್ ತಂಡದ ಅಧ್ಯಯನವೂ ಇದನ್ನೇ ಹೇಳುತ್ತದೆ: ತರಗತಿಯ ಹೊತ್ತೆಲ್ಲ ಅಕ್ಷರ ಬಿಡಿಸುವುದಕ್ಕೆ ಹೋಗುತ್ತದೆ, ಅರ್ಥಕ್ಕೆ, ಸ್ವಂತ ಬರಹಕ್ಕೆ ಉಳಿಯುವುದು ಅತ್ಯಲ್ಪ.

ಹಾಗಾದರೆ ಎರಡನ್ನೂ ಕೂಡಿಸುವುದು ಹೇಗೆ? ಉತ್ತರ ನಲಿ-ಕಲಿಯ ಮೊದಲ ಮೆಟ್ಟಿಲಲ್ಲೇ ಅಡಗಿದೆ. ಆಂಧ್ರದ ಋಷಿ ವ್ಯಾಲಿಯ ಪ್ರಯೋಗ ನೋಡಿಬಂದ ಎಚ್‌.ಡಿ. ಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅದು ಅ, ಆ, ಇ, ಈ ಎಂಬ ಹಳೆಯ ಸಾಲನ್ನು ಮುರಿದು ರ, ಗ, ಸ, ದ, ಅ ಎಂದು ಆರಂಭಿಸಿತು. ಈ ಐದೇ ಅಕ್ಷರಗಳಲ್ಲಿ ಅರಸ ಬರುತ್ತಾನೆ, ಅಗಸ ಬರುತ್ತಾನೆ, ಸರ ಬರುತ್ತದೆ, ಗರಗಸವೂ ಬರುತ್ತದೆ. ಅರಸನ ಸರ ಕಳೆದರೆ, ಅದು ಅಗಸನ ಕೈಗೆ ಸಿಕ್ಕರೆ, ಕಥೆ ಆಗಲೇ ಹೊರಟಿತು! ಆದರೆ ನಲಿ-ಕಲಿಯ ಕಲಿಕಾ ಕಾರ್ಡಿನಲ್ಲಿ ಇವರು ಒಬ್ಬರಿಗೊಬ್ಬರು ಪರಿಚಯವಿಲ್ಲದ ಬಿಡಿ ಪದಗಳಾಗಿ ಉಳಿಯುತ್ತಾರೆ. ಕಥೆಪುಸ್ತಕದ ಕೆಲಸ ಇಲ್ಲಿದೆ. ಅಕ್ಕೋರು ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳು ಸರಿಸುತ್ತ ಓದುತ್ತಾರೆ, ಮುಂದಿನ ಪುಟದಲ್ಲಿ ಏನಾದೀತೆಂದು ಕೇಳುತ್ತಾರೆ, ಮರುದಿನ ಅದನ್ನೇ ಮತ್ತೆ ಓದುತ್ತಾರೆ. ಮೂರನೇ ಸಲಕ್ಕೆ ಮಕ್ಕಳೇ ದನಿಗೂಡಿಸುತ್ತಾರೆ. ಆಗ ಅದೇ ಪುಟದಿಂದ ‘ಸ’ ಹುಡುಕಿಸಿದರೆ ಆ ಅಕ್ಷರಕ್ಕೆ ಊರು, ಮನೆ ಸಿಗುತ್ತದೆ. ಹೇಳಿದ ಮಾತು ಗಾಳಿಗೆ ಹೋಗದೆ ಕಾಗದದ ಮೇಲೆ ನಿಲ್ಲುತ್ತದೆ, ನಾಳೆ ತೆರೆದರೂ ಅದೇ ಮಾತು ಇರುತ್ತದೆ ಎಂಬ ಅರಿವನ್ನು ಬಾಯಿಕಥೆ ಕೊಡಲಾರದು, ಅಕ್ಷರಪಟ್ಟಿಯೂ ಕೊಡಲಾರದು.

ಪುಸ್ತಕವೇ ಇಲ್ಲ ಎನ್ನುವ ಕಾಲ ಹೋಗಿದೆ. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆ ಶಾಲೆಗಳಿಗೆ ಪುಸ್ತಕವನ್ನೂ ಕೊಟ್ಟಿತು. ಸ್ಟಾಕ್ ರಜಿಸ್ಟರಿನಲ್ಲಿ ಒಂದು ಕಡಿಮೆಯಾದರೆ ಹೆಡ್‌ಮಾಸ್ತರರೇ ಹೊಣೆಯಾದ್ದರಿಂದ ಅವು ತಿಜೋರಿಯಲ್ಲಿ ಭದ್ರವಾಗಿ ಕೂತವು. ಹರಿದ ಪುಸ್ತಕವನ್ನು ನಷ್ಟವೆಂದು ಬರೆಯುವ ಲೆಕ್ಕಪತ್ರ ಇರುವವರೆಗೆ ಯಾವ ಯೋಜನೆಯೂ ತಿಜೋರಿಯನ್ನು ದಾಟಲಾರದು. ಮಕ್ಕಳ ಪುಸ್ತಕ ಸವೆಯುವುದಕ್ಕೇ ಇರುವುದು. ಆಮೇಲೆ 2004ರಲ್ಲಿ ಬೆಂಗಳೂರಿನಲ್ಲಿ ಪ್ರಥಮ್ ಬುಕ್ಸ್ ಹುಟ್ಟಿ ಅಗ್ಗದ ಸಚಿತ್ರ ಪುಸ್ತಕಗಳನ್ನು ಕನ್ನಡದಲ್ಲೂ ತಂದಿತು. 2018ರ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆ ವಾರ್ಷಿಕ ಅನುದಾನ ಸೇರಿತು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಇಷ್ಟಾಗಿಯೂ ಅಸರ್ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 50.5ರಷ್ಟಿದ್ದವರು 2022ಕ್ಕೆ ಶೇ 42.8ಕ್ಕೆ ಇಳಿದರು. ಕೋವಿಡ್ ಮುಚ್ಚುಗಡೆಯ ಪೆಟ್ಟು ಅದರಲ್ಲಿ ದೊಡ್ಡದು, ಒಪ್ಪೋಣ. ಆದರೆ 2018ರ ಅರ್ಧಕ್ಕೆ ಕೋವಿಡ್ ಕಾರಣವಲ್ಲವಲ್ಲ. ಒಬ್ಬರೇ ಮೂರು ತರಗತಿ ನೋಡುವ ಶಾಲೆಯಲ್ಲಿ ಕಥೆ ಓದಲು ಹೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನಗೆ ಕಾಣುವಂತೆ ಕಥೆಯ ಓದು ಬಹುವರ್ಗಕ್ಕೇ ಹೆಚ್ಚು ಒಪ್ಪುತ್ತದೆ. ಒಂದೇ ಪುಟದಲ್ಲಿ ಒಂದನೇ ಇಯತ್ತೆಯವನು ಅಕ್ಷರ ಹುಡುಕಿಯಾನು, ಮೂರನೇ ಇಯತ್ತೆಯವಳು ಕಥೆಯ ಕೊನೆಯನ್ನೇ ಬದಲಿಸಿ ಬರೆದಾಳು.

ಇನ್ನೊಂದು ಆಕ್ಷೇಪ ಭಾಷೆಯದು. ಕಥೆ ಮಗುವಿಗೆ ಹತ್ತಿರವಾಗಬೇಕಾದರೆ ಅದರ ಮಾತಿನಲ್ಲಿ ಇರಬೇಕು, ಆದರೆ ಶಾಲೆಗೆ ಸಾಲಿ ಅನ್ನುವ ಮಗುವಿಗೆ ಸಾಲಿ ಎಂದೇ ಅಚ್ಚುಹಾಕಿ ಕೊಟ್ಟರೆ ಮುಂದೆ ಶುದ್ಧ ಕನ್ನಡ ಬಂದೀತೇ ಎಂಬ ಅಂಜಿಕೆ ಶಿಕ್ಷಕರಿಗಿಂತ ಪಾಲಕರಲ್ಲಿ ಹೆಚ್ಚು. ಬೆಟಗೇರಿಯ ಆನಂದಕಂದರು ಈ ಸೀಮೆಯ ಮಾತಿನ ಲಯದಲ್ಲೇ ಕವಿತೆ ಕಟ್ಟಿದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಅದೇ ಮಾತಿನಲ್ಲಿ ಬರೆದು 2010ರ ಜ್ಞಾನಪೀಠ ಪಡೆದರು. ‘ಕಿಟ್ಟಿಯ ಕಥೆ’ ಎಂಬ ಮಕ್ಕಳ ನಾಟಕವನ್ನೂ ಕೊಟ್ಟರು. ದೇಶದ ದೊಡ್ಡ ಪ್ರಶಸ್ತಿಗೆ ತಕ್ಕುದಾದ ಮಾತು ಅದೇ ತಾಲ್ಲೂಕಿನ ಒಂದನೇ ಇಯತ್ತೆಗೆ ತಕ್ಕುದಲ್ಲ ಎನ್ನುವುದರಲ್ಲಿ ತರ್ಕ ಕಾಣುವುದಿಲ್ಲ. ಮಾನಕ ಕನ್ನಡ ಬೇಡವೆಂದಲ್ಲ, ಅದು ಪಠ್ಯಪುಸ್ತಕದಲ್ಲಿ ಇದ್ದೇ ಇದೆ. ಹಗ್ಗದ ಮೇಲೆ ಎರಡು ಬಗೆಯ ಕನ್ನಡಕ್ಕೂ ಜಾಗವಿದ್ದರೆ ಸಾಕು. ಇಂಗ್ಲಿಷ್ ಬಯಸಿ ಮಕ್ಕಳನ್ನು ಬಸ್ಸು ಹತ್ತಿಸುವ ಪಾಲಕರಿಗೂ ಒಂದು ಮಾತು: ಒಂದು ಭಾಷೆಯಲ್ಲಿ ಕಥೆಯ ಎಳೆ ಹಿಡಿದು ಓದಬಲ್ಲ ಮಗು ಅದೇ ಜಾಣ್ಮೆಯನ್ನು ಇನ್ನೊಂದು ಭಾಷೆಗೂ ಒಯ್ಯುತ್ತದೆ.

ಈಗ ಕೊರತೆ ಇರುವುದು ಈ ಸೀಮೆಯ ಮಾತಿನ, ಬದುಕಿನ ಪುಸ್ತಕಗಳದು. ಹಗ್ಗದ ಮೇಲಿನ ಬಹುಪಾಲು ಕಥೆಗಳು ಬೇರೆ ಭಾಷೆಯಿಂದ ಬಂದವು. ಆನೆ, ಹುಲಿ, ಮಹಾನಗರದ ಅಪಾರ್ಟ್‌ಮೆಂಟು ಇವೆ, ಘಟಪ್ರಭೆಯ ದಂಡೆಯ ಕಬ್ಬಿನ ಗಾಡಿ ಇಲ್ಲ, ಪಾರಿಜಾತದ ಕೊರವಂಜಿ ಇಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದ ಮುಕ್ತ ಪರವಾನಗಿ ಯಾವ ಶಿಕ್ಷಕರಿಗೂ ಅಲ್ಲಿನ ಚಿತ್ರ ಬಳಸಿ ಹೊಸ ಕಥೆ ಕಟ್ಟಲು, ಇದ್ದುದನ್ನು ತಮ್ಮ ಕನ್ನಡಕ್ಕೆ ತಿರುಗಿಸಲು, ಅಚ್ಚುಹಾಕಿ ಹಂಚಲು ಬಿಡುತ್ತದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಅಂಕಿಅಂಶ ತುಂಬುವ ಹೊತ್ತಿನಲ್ಲಿ ಅರ್ಧ ತಾಸು ಉಳಿಸಿದರೂ ವರ್ಷಕ್ಕೆ ಹತ್ತಾರು ಪುಸ್ತಕ ಆದಾವು. ಈ ತಾಲ್ಲೂಕುಗಳು ಸೇರಿದ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಕಥೆ ಹೇಳಬಲ್ಲ ಅಜ್ಜಿಯರಿಗೆ, ಬಯಲಾಟದ ಮಾಸ್ತರರಿಗೆ ಬರವಿಲ್ಲ. ಅವರನ್ನು ಕರೆಸಿ, ಹೇಳಿದ್ದನ್ನು ಬರೆದುಕೊಳ್ಳಲು ಒಂದು ಸುತ್ತೋಲೆ ಬೇಕಾಗಿದೆ.