ಬಿರಿಯಾನಿಯ ಜಾಪತ್ರೆ, ಕತ್ತಲೆಕಾನಿನ ರಾಮಪತ್ರೆ



ಸಂಜೆ ಹೊತ್ತು ಕೂಕಟ್‌ಪಲ್ಲಿಯ ಯಾವ ರಸ್ತೆಗೆ ಇಳಿದರೂ ಬಿರಿಯಾನಿಯ ಘಮ ಮೂಗಿಗೆ ಬಡಿಯುತ್ತದೆ, ಅಲ್ಲವೇ? ಆ ಘಮದಲ್ಲಿ ಜಾಪತ್ರೆಗೂ ಒಂದು ಪಾಲಿದೆ. ಜಾಯಿಕಾಯಿಯ ಬೀಜವನ್ನು ಸುತ್ತಿಕೊಂಡಿರುವ ಕೆಂಪು ಪೊರೆಯೇ ಜಾಪತ್ರೆ. ಅದರ ತವರು ದೂರದ ಇಂಡೋನೇಷ್ಯಾ. ಆದರೆ ಅದರ ದಾಯಾದಿಗಳು ನಮ್ಮ ಕರ್ನಾಟಕದಲ್ಲೇ ಇವೆ. ಯಾರೂ ತಂದು ನೆಟ್ಟದ್ದಲ್ಲ, ಮನುಷ್ಯ ಬರುವ ಮೊದಲೇ ಅಲ್ಲಿದ್ದ ಮರಗಳು. ರಾಮಪತ್ರೆ ಅವುಗಳಲ್ಲೊಂದು.

ಜೋಗದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋದವರಿಗೆ ಕತ್ತಲೆಕಾನು ಗೊತ್ತಿರಬಹುದು. ಇದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿದೆ. ಹೆಸರೇ ಹೇಳುವಂತೆ ಮಧ್ಯಾಹ್ನವೂ ಮಬ್ಬುಗತ್ತಲೆ. ಇಲ್ಲಿ ಹಳ್ಳದ ನೀರು ನಿಧಾನವಾಗಿ ಹರಡಿ ನಿಲ್ಲುವ ಕೆಸರು ಜಾಗಗಳಲ್ಲಿ ಈ ಕುಟುಂಬದ ಮರಗಳ ಒಂದು ವಿಶೇಷ ಕಾಡಿದೆ. ಅದನ್ನು ರಾಮಪತ್ರೆ ಜಡ್ಡಿ ಎನ್ನುತ್ತಾರೆ, ವಿಜ್ಞಾನಿಗಳ ಮಾತಿನಲ್ಲಿ ಮಿರಿಸ್ಟಿಕಾ ಸ್ವಾಂಪ್. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಕೆಲವು ಮರಗಳ ಬೇರು ಮಡಿಸಿದ ಮಂಡಿಯಂತೆ ಕೆಸರಿನ ಮೇಲೆದ್ದು ಉಸಿರಾಡಿ ಮತ್ತೆ ಒಳಗಿಳಿಯುತ್ತದೆ. ಇನ್ನು ಕೆಲವು ಕಾಂಡದಿಂದಲೇ ಊರುಗೋಲಿನಂಥ ಬೇರು ಬಿಟ್ಟು ನಿಲ್ಲುತ್ತವೆ.

ಹಾಗಾದರೆ ಈ ಕಾಡು ಬೇರೆಡೆ ಏಕಿಲ್ಲ? ಗುಟ್ಟು ಬೀಜದಲ್ಲಿದೆ. ನಾವು ರಾಗಿ, ಜೋಳವನ್ನು ಒಣಗಿಸಿ ವರ್ಷಗಟ್ಟಲೆ ಇಡುತ್ತೇವೆ. ಈ ಬೀಜ ಒಣಗಿದರೆ ಸತ್ತಂತೆ. ದೊಡ್ಡ ಬೀಜವಾದ್ದರಿಂದ ಮಂಗಟ್ಟೆಯಂಥ ದೊಡ್ಡ ಹಕ್ಕಿಗಳೇ ಅದನ್ನು ಹೊತ್ತೊಯ್ಯಬೇಕು. ಬಿದ್ದ ಕಡೆ ನೆರಳೂ ತೇವವೂ ಇರಬೇಕು. ಆದ್ದರಿಂದಲೇ ಈ ಜಡ್ಡಿಗಳು ಕೇರಳದ ಕೊಲ್ಲಂ ಕಡೆ, ಉತ್ತರ ಕನ್ನಡ, ಗೋವಾ ಹೀಗೆ ಪಶ್ಚಿಮ ಘಟ್ಟದಲ್ಲಿ ಚೂರುಚೂರಾಗಿ ಉಳಿದಿವೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಬಾಂಬರ್ಡೆಯಲ್ಲಿ ಊರವರು ದೇವರಕಾಡೆಂದು ಕಾಯ್ದುಕೊಂಡು ಬಂದ ಜಡ್ಡಿ ಕೇವಲ 2.59 ಹೆಕ್ಟೇರ್. 2021ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು.

ಬೇಸಿಗೆಯಲ್ಲೂ ನೀರಿರುವ ಕಣಿವೆ ಎಂದರೆ ಗದ್ದೆಗೂ ಅಡಿಕೆ ತೋಟಕ್ಕೂ ಹೇಳಿ ಮಾಡಿಸಿದ ಜಾಗ. ಹಿಂದೆ ಬಹುಪಾಲು ಜಡ್ಡಿಗಳು ಕರಗಿದ್ದು ಹೀಗೆಯೇ. ತಮಾಷೆಯೆಂದರೆ, ಕೆಳಗಿನ ತೋಟಕ್ಕೆ ಏಪ್ರಿಲ್‌ನಲ್ಲೂ ನೀರು ಹರಿಸುವುದು ಮೇಲೆ ಉಳಿದಿರುವ ಕಾಡೇ!

2000ನೇ ಇಸವಿಯಲ್ಲಿ ಕತ್ತಲೆಕಾನಿನಲ್ಲಿ ಗೇರಿನ ಕುಟುಂಬದ ಹೊಸ ಮರವೊಂದನ್ನು ಗುರುತಿಸಿ, ಆ ಊರಿನ ಹೆಸರನ್ನೇ ಇಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಬೆರಳೆಣಿಕೆಯ ಜಡ್ಡಿಗಳಲ್ಲಷ್ಟೇ ಅದು ಉಳಿದಿದೆ. ಶಿರಸಿಯ ಅರಣ್ಯ ಕಾಲೇಜಿನವರು ಅದರ ಸಸಿ ಬೆಳೆಸಿ ಮರಳಿ ಕಾಡಿಗೆ ನೆಡುವ ಕೆಲಸ ಮಾಡಿದ್ದಾರೆ.

ಸರ್ಕಾರವೂ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿ, ಒಟ್ಟು 930 ಚದರ ಕಿ.ಮೀ. ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ಇದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದು, 2025ರ ಸೆಪ್ಟೆಂಬರ್‌ನಲ್ಲಿ ನಡೆದ ಅಹವಾಲು ಸಭೆಗಳಲ್ಲಿ ಜನ ಬಲವಾಗಿ ವಿರೋಧಿಸಿದರು. ಕರೆಂಟು ಎಲ್ಲರಿಗೂ ಬೇಕು, ನಿಜ. ಆದರೆ ಜಡ್ಡಿಯ ನೀರಿನ ದಾರಿ ತಪ್ಪಿದರೆ, ಬದಲಿಗೆ ಬಯಲಿನಲ್ಲಿ ಎಷ್ಟು ಸಸಿ ನೆಟ್ಟರೂ ಜಡ್ಡಿ ಮರಳಿ ಬಾರದು.

‘ಹೈದರಾಬಾದಿನಲ್ಲಿ ಕುಳಿತ ನಮಗೇಕೆ ಇದು?’ ಎನ್ನಬೇಡಿ. 2025ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದನ್ನು ಸುಪ್ರೀಂ ಕೋರ್ಟ್ ತಡೆದಾಗ ನಾವೂ ಇದೇ ಪ್ರಶ್ನೆ ಕೇಳಿಕೊಂಡಿದ್ದೆವು. ಅದು ಒಣನೆಲದ ಕುರುಚಲು, ಇದು ಮಳೆನಾಡಿನ ಕೆಸರುಕಾಡು. ಎರಡೂ ತಮ್ಮ ನೆಲಕ್ಕೆ ತಾವೇ ಹೊಂದಿಕೊಂಡು ಬೆಳೆದವು.

ಈ ಬಾರಿ ರಜೆಗೆ ಊರಿಗೆ ಹೋದಾಗ ಹಿರಿಯರನ್ನು ಕೇಳಿ ನೋಡಿ: ನಮ್ಮ ಕಡೆ ಜಡ್ಡಿ, ಕಾನು, ದೇವರಕಾಡು ಎಲ್ಲಿತ್ತು, ಈಗ ಎಷ್ಟು ಉಳಿದಿದೆ? ಅವರು ಹೇಳಿದ್ದನ್ನು ನಮಗೆ ಬರೆದು ಕಳಿಸಿ. ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಎಲ್ಲರೂ ಸೇರಿ ಕೇಳೋಣ.