ಎಲೆಕ್ಟ್ರಿಕ್ ಡರ್ಟ್ ಬೈಕಿಗೆ ಹೊಸ ಹೆಡ್‌ಲೈಟ್: ಲುಮೆನ್ ನೋಡಿ ದುಡ್ಡು ಕೊಡೋ ಮುಂಚೆ

ಇವತ್ತಿನ ವಿಷಯ ಎಲೆಕ್ಟ್ರಿಕ್ ಡರ್ಟ್ ಬೈಕಿನ ಹೆಡ್‌ಲೈಟ್. ಉದಾಹರಣೆಗೆ ಚೀನಾದ ಸರ್-ರಾನ್ ಕಂಪನಿಯ ಲೈಟ್ ಬೀ ಬೈಕನ್ನೇ ತಗೊಳ್ತೀನಿ. ಅಮೆರಿಕ, ಯುರೋಪಿನ ಕಚ್ಚಾ ದಾರಿಗಳಲ್ಲಿ ಓಡಿಸೋರಿಗೆ ಚೆನ್ನಾಗಿ ಗೊತ್ತಿರೋ ಬೈಕ್ ಇದು. ರಾತ್ರಿ ಓಡಿಸೋರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಂಪನಿ ಕೊಟ್ಟ ಲೈಟ್ ಸಾಕಾಗಲ್ಲ, ಯಾವುದು ಹಾಕಿಸ್ಲಿ?

ಯಾವುದು ಅನ್ನೋದಕ್ಕೆ ಮೊದಲು, ಎಷ್ಟು ದೂರ ಕಾಣಬೇಕು ಅಂತ ಲೆಕ್ಕ ಹಾಕೋಣ. ನಾನು ಬಿ.ಕಾಂ. ಓದಿದವನು, ಹೆದರಬೇಡಿ, ಇದು ಗುಣಾಕಾರ ಭಾಗಾಕಾರ ಅಷ್ಟೇ. ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಿದ್ದಿರೋ ಕೊಂಬೆ ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳಿ. ಅಷ್ಟರಲ್ಲಿ ನೀವು 25 ಮೀಟರ್ ಮುಂದೆ ಹೋಗಿರ್ತೀರಿ. ಸಡಿಲ ಮಣ್ಣಿನ ಮೇಲೆ ಬೈಕ್ ನಿಲ್ಲೋಕೆ ಇನ್ನೊಂದು 35 ಮೀಟರ್ ಬೇಕಾಗಬಹುದು. ಒಟ್ಟು 60. ನಿಮ್ಮ ಲೈಟ್ ಸ್ಪಷ್ಟವಾಗಿ ತೋರಿಸೋದು 30 ಮೀಟರ್ ಮಾತ್ರ ಆದ್ರೆ? ಕೊಂಬೆ ಕಂಡ ಕ್ಷಣದಲ್ಲೇ ಲೆಕ್ಕ ಮುಗಿದಿರುತ್ತೆ. ಅಷ್ಟು ಬೆಳಕಿಗೆ 40ಕ್ಕಿಂತ ಸ್ವಲ್ಪ ಕಡಿಮೆ ವೇಗವೇ ಮಿತಿ.

ಎಲೆಕ್ಟ್ರಿಕ್‌ನಲ್ಲಿ ಇನ್ನೊಂದು ಸಮಸ್ಯೆ. ಪೆಟ್ರೋಲ್ ಡರ್ಟ್ ಬೈಕ್ ಬರ್ತಿದ್ರೆ ಅರ್ಧ ಊರಿಗೆ ಗೊತ್ತಾಗುತ್ತೆ. ಇದು ಬೆಕ್ಕಿನ ಹಾಗೆ ಬರುತ್ತೆ. ತಿರುವಿನಾಚೆ ನಡೆದು ಬರ್ತಿರೋರಿಗೆ, ದಾರಿ ದಾಟ್ತಿರೋ ಜಿಂಕೆಗೆ ನೀವು ಬರ್ತಿದ್ದೀರಿ ಅಂತ ಮೊದಲು ಹೇಳೋದು ಬೆಳಕೇ.

ಸರಿ, ಅಂಗಡಿಗೆ ಬರೋಣ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರೋದು ಲುಮೆನ್. ಅದು ಲೈಟಿನಿಂದ ಹೊರಬರೋ ಒಟ್ಟು ಬೆಳಕು, ಅಂದ್ರೆ ವ್ಯಾಪಾರದ ಟರ್ನೋವರ್ ಇದ್ದಂಗೆ. ಆಕಾಶಕ್ಕೆ, ಮರದ ತುದಿಗೆ ಹೋಗೋ ಬೆಳಕೂ ಅದರಲ್ಲಿ ಸೇರಿರುತ್ತೆ. ಒಂದು ದಿಕ್ಕಿನಲ್ಲಿ ಎಷ್ಟು ತೀವ್ರವಾಗಿ ಹೋಗುತ್ತೆ ಅನ್ನೋದು ಕ್ಯಾಂಡೆಲಾ. ನಮಗೆ ಬೇಕಾದ ಲಾಭದ ಅಂಕಿ ಇದೇ. ಜೊತೆಗೆ ಒಂದು ಕಹಿ ನಿಯಮ: ಅಷ್ಟೇ ಬೆಳಕು ಎರಡರಷ್ಟು ದೂರ ತಲುಪಬೇಕು ಅಂದ್ರೆ ಕ್ಯಾಂಡೆಲಾ ನಾಲ್ಕರಷ್ಟು ಬೇಕು. 30 ಮೀಟರನ್ನ 60 ಮಾಡೋಕೆ "ಡಬಲ್ ಪವರ್" ಲೈಟ್ ಸಾಲಲ್ಲ. ಒಳ್ಳೆ ರಿಫ್ಲೆಕ್ಟರ್ ಅಥವಾ ಲೆನ್ಸ್ ಇರೋ ಕಡಿಮೆ ಲುಮೆನ್ ಲೈಟು, ಬರೀ ಎಲ್‌ಇಡಿ ಚಿಪ್ ಅಂಟಿಸಿರೋ ಅಗ್ಗದ ಲೈಟಿಗಿಂತ ಎಷ್ಟೋ ಮೇಲು. ತುಂಬಾ ನೀಲಿ ಛಾಯೆಯ ಬೆಳಕೂ ನನಗೆ ಇಷ್ಟವಿಲ್ಲ. ಮುಂದೆ ಹೋದ ಬೈಕಿನ ಧೂಳು ಇದ್ರೆ ಕಣ್ಣೆದುರು ಬಿಳಿ ಪರದೆ ಕಟ್ಟಿದಂಗೆ ಆಗುತ್ತೆ. 4000ದಿಂದ 5000 ಕೆಲ್ವಿನ್ ಒಳಗಿನದು ಸಾಕು.

ಈಗ ನಿಜವಾದ ಅಪಾಯದ ಜಾಗ, ವೈರಿಂಗ್. ಲೈಟ್ ಬೀಯ ಬ್ಯಾಟರಿ 60 ವೋಲ್ಟ್, ಫುಲ್ ಚಾರ್ಜ್ ಆದಾಗ 67.2. ಮಾರುಕಟ್ಟೆಯ ಬಹುತೇಕ ಲೈಟ್‌ಗಳು 12 ವೋಲ್ಟಿನವು. ಮಧ್ಯದಲ್ಲಿ ಡಿಸಿ-ಡಿಸಿ ಕನ್ವರ್ಟರ್ ಅನ್ನೋ ಸಣ್ಣ ಡಬ್ಬ 60ನ್ನ 12ಕ್ಕೆ ಇಳಿಸುತ್ತೆ. "9ರಿಂದ 32 ವೋಲ್ಟ್" ಅಂತ ಬರೆದಿರೋ ಲೈಟನ್ನ ನೇರ ಬ್ಯಾಟರಿಗೆ ಕೊಟ್ರೆ ಅದು ಅಲ್ಲೇ ಸುಟ್ಟುಹೋಗುತ್ತೆ.

ಕನ್ವರ್ಟರ್‌ಗೂ ಒಂದು ಬಜೆಟ್ ಇದೆ. 40 ವಾಟ್ ಲೈಟ್ 12 ವೋಲ್ಟಿನಲ್ಲಿ ಎಳೆಯೋದು ಸುಮಾರು 3.3 ಆಂಪಿಯರ್. ಟೇಲ್‌ಲೈಟ್, ಹಾರ್ನ್ ಇದ್ರೆ ಅವೂ ಸಾಮಾನ್ಯವಾಗಿ ಅದೇ ಡಬ್ಬದಿಂದ ತಿನ್ನುತ್ವೆ. ಡಬ್ಬದ ಮೇಲೆ ಬರೆದಿರೋ ಆಂಪಿಯರ್ ಓದಿ, ಅದರ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ. ಮೀರಿದ್ರೆ ಅನೇಕ ಕನ್ವರ್ಟರ್‌ಗಳು ತಮ್ಮನ್ನ ತಾವೇ ಆಫ್ ಮಾಡ್ಕೊಳ್ತವೆ. ಡಬ್ಬಕ್ಕೆ ಅದು ರಕ್ಷಣೆ, ಕಾಡಿನ ಇಳಿಜಾರಲ್ಲಿ ಹೋಗ್ತಿರೋ ನಿಮಗೆ ಪೂರ್ತಿ ಕತ್ತಲು. ದೊಡ್ಡ ಲೈಟೇ ಬೇಕು ಅಂದ್ರೆ ಅದಕ್ಕೇ ಬೇರೆ ಕನ್ವರ್ಟರ್ ಹಾಕಿಸಿ. ಫ್ಯೂಸ್ ಬ್ಯಾಟರಿಗೆ ಹತ್ತಿರ ಇರಲಿ. ಕಾರಿನಲ್ಲಿ ಸಿಗೋ ಮಾಮೂಲಿ ಬ್ಲೇಡ್ ಫ್ಯೂಸ್ ಬೇಡ, ಅದು 32 ವೋಲ್ಟಿಗೆ ಮಾಡಿದ್ದು. 60 ವೋಲ್ಟ್ ಡಿಸಿಯಲ್ಲಿ ಅದರ ತಂತಿ ಕರಗಿದ ಮೇಲೂ ಒಳಗೆ ಕಿಡಿ ಹಾರಿ ಕರೆಂಟ್ ಮುಂದುವರಿಬಹುದು. 80 ವೋಲ್ಟ್ ಡಿಸಿ ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದಿರೋದನ್ನೇ ತಗೊಳ್ಳಿ. ಕೆಲಸ ಶುರು ಮಾಡೋ ಮುಂಚೆ ಬ್ರೇಕರ್ ಆಫ್, ಬ್ಯಾಟರಿ ಕನೆಕ್ಟರ್ ಹೊರಗೆ. 60 ವೋಲ್ಟ್ ಡಿಸಿ ದಾಟಿದ್ರೆ ವಾಹನ ಸುರಕ್ಷತಾ ನಿಯಮಗಳೇ ಅದನ್ನ ಮುಟ್ಟಬಾರದ ವೋಲ್ಟೇಜ್ ಅಂತ ಲೆಕ್ಕ ಹಾಕ್ತವೆ.

ರೇಂಜ್ ಕಡಿಮೆ ಆಗುತ್ತೆ ಅನ್ನೋ ಭಯ ಬಿಟ್ಬಿಡಿ. 60 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿ ಅಂದ್ರೆ 2400 ವಾಟ್-ಅವರ್. 40 ವಾಟ್ ಲೈಟ್ ಒಂದು ಗಂಟೆ ಉರಿದ್ರೆ, ಕನ್ವರ್ಟರ್ ನಷ್ಟ ಸೇರಿಸಿದ್ರೂ 50ರ ಒಳಗೆ. ಶೇ. 2ರ ಆಸುಪಾಸು.

ಇನ್ನು ಕಾನೂನು. ಆಫ್-ರೋಡ್ ಲೈಟನ್ನ ಸಾರ್ವಜನಿಕ ರಸ್ತೆಯಲ್ಲಿ ಹಚ್ಚೋ ಹಾಗಿಲ್ಲ. ಯುರೋಪಿನಲ್ಲಿ ರಸ್ತೆಗೆ ಅನುಮತಿ ಇರೋ ಎಲ್1ಇ ಲೈಟ್ ಬೀ ನಿಮ್ಮದಾದ್ರೆ, ಬದಲಿ ಲೈಟಿನ ಮೇಲೂ ಇ-ಮಾರ್ಕ್ ಇರಲೇಬೇಕು. ಬೆಂಗಳೂರಿನ ಅಲ್ಟ್ರಾವಯೊಲೆಟ್ 2025ರ ಮಾರ್ಚ್‌ನಲ್ಲಿ ತೋರಿಸಿದ ಶಾಕ್‌ವೇವ್ ಥರದ ಬೈಕಿಗೆ ಕಾಯ್ತಿರೋರು ಇದನ್ನ ನೆನಪಿಡಿ: 2024ರ ಜುಲೈನಲ್ಲಿ ಕಣ್ಣು ಕುಕ್ಕೋ ಎಲ್‌ಇಡಿ ಲೈಟ್‌ಗಳ ವಿರುದ್ಧ ಕರ್ನಾಟಕ ಪೊಲೀಸರು ವಿಶೇಷ ಕಾರ್ಯಾಚರಣೆ ಮಾಡಿ ಸಾವಿರಾರು ಕೇಸ್ ಹಾಕಿದ್ರು. ಎದುರಿಂದ ಬರೋ ಸ್ಕೂಟರಿನವರ ಕಡೆಯಿಂದ ನೋಡಿದ್ರೆ ಅದು ಸರಿಯಾಗೇ ಇತ್ತು.

ಲೈಟ್ ಕೂರಿಸಿದ ಮೇಲೆ ಅದರ ಕೋನ ಸರಿ ಮಾಡಿ. ದುಬಾರಿ ಲೈಟ್ ಹಾಕಿಸಿ ಇದನ್ನ ಬಿಡೋರೇ ಜಾಸ್ತಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ಬೈಕ್ ನಿಲ್ಲಿಸಿ. ನೀವು ಮೇಲೆ ಕೂತಿರಬೇಕು, ಯಾಕಂದ್ರೆ ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಕುಸಿದು ಬೆಳಕು ಮೇಲೇಳುತ್ತೆ. ಬೆಳಕಿನ ಗಾಢ ಭಾಗ ಲೈಟಿನ ಎತ್ತರಕ್ಕಿಂತ ಒಂದೆರಡು ಇಂಚು ಕೆಳಗೆ ಬೀಳಲಿ. ಆಮೇಲೆ ಕತ್ತಲ ಬಯಲಿಗೆ ಹೋಗಿ, 60 ಮೀಟರ್ ದೂರದಲ್ಲಿ ಒಂದು ಗೋಣಿಚೀಲ ಇಟ್ಟು ಬಂದು, ಬೈಕ್ ಮೇಲೆ ಕೂತು ನೋಡಿ. ಕಾಣದಿದ್ರೆ ಗೆಳೆಯನಿಗೆ ಹೇಳಿ ಚೀಲ ಹತ್ತಿರ ತರಿಸ್ತಾ ಹೋಗಿ. ಎಲ್ಲಿ ಕಾಣುತ್ತೋ ಅಲ್ಲಿಂದ ಬೈಕಿನವರೆಗೆ ಅಳೆದು, ಮೇಲಿನ ಲೆಕ್ಕಕ್ಕೆ ಹಾಕಿ ವೇಗ ಕಂಡುಹಿಡಿದುಕೊಳ್ಳಿ.